ಎದೆಗೆ ಹೊಲಿದ ಗದ್ದ

ನನ್ನ ಗಂಡ ಮಾನ್‌ಬೊಕ್, ಗುರ್ಯೋಂಗ್‌ಪೊ ಎಂಬ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದವರು. ಎರಡು ವರ್ಷ ಅವರದು ಉಬ್ಬಸವೆಂದೇ ಎಲ್ಲರೂ ನಂಬಿದ್ದೆವು. ಬಾಯಿಗೆ ಇನ್ಹೇಲರ್ ಇಟ್ಟು ಔಷಧಿ ಎಳೆದದ್ದೇ ಎಳೆದದ್ದು. ಉಸಿರು ಮಾತ್ರ ಕುಗ್ಗುತ್ತಲೇ ಹೋಯಿತು. ಒಂದು ಬೆಳಿಗ್ಗೆ ಹರಾಜಿನ ನಡುವೆಯೇ ಮುಖ ನೀಲಿಗಟ್ಟಿ ಕುಸಿದಾಗ, ಡೇಗು ನಗರದ ದೊಡ್ಡಾಸ್ಪತ್ರೆಗೆ ಹೊತ್ತೊಯ್ದೆವು.

ಅಲ್ಲಿನ ಸರ್ಜನ್ ಡಾಕ್ಟರ್ ಮಾ, ನಮ್ಮ ಮಗಳ ವಯಸ್ಸಿನ ಹೆಂಗಸು, ಸ್ಟೆತಸ್ಕೋಪನ್ನು ಗಂಟಲಿಗೇ ಇಟ್ಟು ಆಲಿಸಿದರು.

"ಉಬ್ಬಸ ಆಗಿದ್ರೆ ಉಸಿರು ಬಿಡುವಾಗ ಸಿಳ್ಳೆ ಕೇಳ್ಬೇಕಿತ್ತು. ಇವರಿಗೆ ಎಳ್ಕೊಳ್ಳುವಾಗ ಕೇಳ್ತಿದೆ."

ಸ್ಕ್ಯಾನಿನಲ್ಲಿ ಶ್ವಾಸನಾಳದೊಳಗಿನ ಗೆಡ್ಡೆ ಕಂಡಿತು.

"ಗೆಡ್ಡೆ ಇರೋ ನಾಳದ ತುಂಡನ್ನ ಕತ್ತರಿಸಿ ತೆಗೆದು, ಎರಡು ತುದೀನೂ ಸೇರಿಸಿ ಹೊಲೀತೀನಿ. ಹೊಲಿಗೆ ಜಗ್ಗಬಾರ್ದು ಅಂತ ಒಂದು ವಾರ ಗದ್ದಾನ ಎದೆಗೆ ಹೊಲಿದಿರ್ತೀನಿ. ತಲೆ ಎತ್ತೋ ಹಾಗಿಲ್ಲ."

"ಇವರ ದನಿ?" ಎಂದೆ.

"ಅದಕ್ಕೆ ಮಾತು ಕೊಡಕ್ಕಾಗಲ್ಲ ಅಮ್ಮ. ಉಸಿರು ಉಳಿಸೋಕೆ ಪೂರ್ತಿ ಪ್ರಯತ್ನ ಮಾಡ್ತೀನಿ."

ಆಪರೇಷನ್ ಸಂಜೆಯವರೆಗೂ ನಡೆಯಿತು. ಮಾರನೇ ದಿನ ನೋಡಿದರೆ, ಯಾರಿಗೂ ಬಗ್ಗದ ನನ್ನ ಯಜಮಾನರು ಗದ್ದ ಎದೆಗೊತ್ತಿಕೊಂಡು ಕೂತಿದ್ದರು. ಅಳು ಬಂತು. ತೋರಿಸಿಕೊಳ್ಳಬಾರದೆಂದು, "ರೀ, ಮದುವೆ ಆದಾಗಿನಿಂದ ಇವತ್ತೇ ನನ್ನ ಮುಂದೆ ತಲೆ ತಗ್ಗಿಸಿದ್ದು," ಎಂದೆ. ಅವರ ಭುಜ ಕುಲುಕಿತು.

"ಅಜ್ಜೀ, ನಗಿಸ್ಬೇಡಿ! ಹೊಲಿಗೆ ಕಿತ್ತೋಗುತ್ತೆ!" ನರ್ಸ್ ಗದರಿದಳು.

ಆ ವಾರವೆಲ್ಲ ಅವರಿಗೆ ಕಂಡದ್ದು ತಮ್ಮ ಮಡಿಲು, ಬಂದವರ ಚಪ್ಪಲಿ. ಡಾಕ್ಟರ್ ಮಾ ಮಾತ್ರ ದಿನಾ ಬೆಳಿಗ್ಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕೆಳಗಿನಿಂದ ಅವರ ಮುಖ ನೋಡಿ, "ಅಜ್ಜ, ನಾನು ಬಂದಿದ್ದೀನಿ. ಉಸಿರು ಸಲೀಸಾಗಿದ್ಯಾ?" ಎಂದು ಕೇಳುತ್ತಿದ್ದರು. ಉಳಿದದ್ದೆಲ್ಲ ಮರೆತರೂ ಅದನ್ನು ನಾನು ಮರೆಯಲಾರೆ.

ಹೊಲಿಗೆ ಬಿಚ್ಚಿದ ದಿನ ಅವರು ಅಂಜುತ್ತಂಜುತ್ತ ತಲೆ ಎತ್ತಿದರು. ಒಡಕು ದನಿಯಲ್ಲಿ ಮೊದಲು ಆಡಿದ ಮಾತು: "ಇನ್ಮೇಲೆ ನೀವು ನೆಲದ ಮೇಲೆ ಕೂರ್ಬೇಡಿ ತಾಯಿ."

ಡಾಕ್ಟರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಹರಾಜು ಕೂಗುವ ದನಿ ಮರಳಲಿಲ್ಲ. ಉಸಿರು ಮರಳಿತು. ಹಿರಿಯರನ್ನು ನೆನೆಯುವ ಚುಸೋಕ್ ಹಬ್ಬಕ್ಕೆ ಮಾವನ ಸಮಾಧಿಯ ಗುಡ್ಡ ಹತ್ತುವಾಗ ಹಿಂದೆ ಬಿದ್ದವಳು ನಾನು! ಅವರು ಅಪ್ಪನಿಗೆಂದು ಸಮಾಧಿಯ ಮುಂದೆ ನೆಲಕ್ಕೆ ಒಂದು ಬಟ್ಟಲು ಅಕ್ಕಿಮದ್ಯ ಸುರಿದು, ಇನ್ನೊಂದನ್ನು ಡೇಗು ದಿಕ್ಕಿಗೆ ಎತ್ತಿ ಹಿಡಿದರು.

"ಇದು ಡಾಕ್ಟರಮ್ಮಂಗೆ."

"ಅಯ್ಯೋ, ಬದುಕಿರೋರ ಹೆಸರಲ್ಲಿ ಯಾರಾದ್ರೂ ನೆಲಕ್ಕೆ ಸುರೀತಾರಾ? ನೀವೇ ಕುಡೀರಿ!"

"ಹೌದಲ್ವೇನೇ," ಎಂದು ನಕ್ಕು, ಒಂದೇ ಗುಟುಕಿಗೆ ಕುಡಿದರು.