ಕುಮ್ಮಕ್ಕು

‘ಪ್ರಚೋದಿಸು’ ಹೊಡೆದುಹಾಕಿ ‘ಎತ್ತಿಕಟ್ಟು’ ಎಂದು ಬರೆದ. ಅದನ್ನೂ ಹೊಡೆದ. ಇನ್‌ಸೈಟ್ (incite) ಎಂಬ ಇಂಗ್ಲಿಷ್ ಕ್ರಿಯಾಪದ ಅವನ ಮೇಜಿನ ಮೇಲೆ ಬಂದು ಬಿದ್ದು ಒಂಬತ್ತು ದಿನವಾಗಿತ್ತು. ಕೆರಳಿಸು, ಹುರಿದುಂಬಿಸು, ಕಿವಿ ಊದು, ಕುಮ್ಮಕ್ಕು ಕೊಡು. ಸುಮ್ಮನಿದ್ದವರನ್ನು ಎಬ್ಬಿಸಲು ಕನ್ನಡದಲ್ಲಿ ಇಷ್ಟೊಂದು ದಾರಿಗಳಿವೆ. ಇವನು ಎಬ್ಬಿಸಿದರೆ ಮಗಳು ಹಾಸಿಗೆಯಿಂದಲೂ ಏಳುವುದಿಲ್ಲ. ಹೆಂಡತಿ ಬಂದು ಕೂಗಬೇಕು.

ನಿಘಂಟಿನ ಕಚೇರಿ ಮಹಡಿಯ ಮೇಲೆ, ಮುದ್ರಣಾಲಯ ಕೆಳಗೆ; ಎರಡಕ್ಕೂ ಒಬ್ಬರೇ ಮ್ಯಾನೇಜರ್. ಹಿಂದಿನ ವಾರ ಕೆಳಗಿನ ಕಟಿಂಗ್ ಮೆಷಿನ್ನು, ಕಾಗದ ಮಡಿಸುವ ಹೆಂಗಸಿನ ಎರಡು ಬೆರಳು ತೆಗೆದುಕೊಂಡಿತ್ತು. ಬ್ಲೇಡಿನ ಮುಂದೆ ಕೈಗೆ ಅಡ್ಡವಾಗಿ ಒಂದು ತಡೆ ಇರಬೇಕು. ಅದಿದ್ದರೆ ಕೆಲಸ ನಿಧಾನವೆಂದು ಮ್ಯಾನೇಜರೇ ಬಿಚ್ಚಿಸಿದ್ದರು. ಅಪಘಾತವಾದ ಮೂರನೆಯ ದಿನ ಹಿರಿಯ ಬೈಂಡರ್ ಮೆಷಿನ್ ನಿಲ್ಲಿಸಿ ಸ್ಟೂಲಿನ ಮೇಲೆ ಕೂತ. ಉಳಿದ ಆರು ಜನರೂ ಕೂತರು. ಸಂಜೆಯೊಳಗೆ ತಡೆ ಬಂತು, ಅದರ ಹಿಂದೆಯೇ ವಿಚಾರಣೆಯೂ ಬಂತು.

ಇವನಿಗೆ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಅಪಘಾತದ ಮಾರನೆಯ ದಿನ, ಚಹಾದ ಹೊತ್ತಿನಲ್ಲಿ, ಕನ್ನಡಕ ಒರೆಸಿಕೊಳ್ಳುತ್ತ ಬೈಂಡರನಿಗೆ ಇವನು ಹೇಳಿದ್ದ: “ಒಂದಿನ ಏಳೂ ಜನ ಕೈಕಟ್ಟಿ ಕೂತ್ರೆ ತಡೆ ತಾನಾಗೇ ಬರುತ್ತೆ.” ಹೇಳಿ ಮೆಟ್ಟಿಲು ಹತ್ತಿ ಬಂದಿದ್ದ. ಮೆಷಿನ್ನಿನ ಸದ್ದು ನಿಂತಾಗ ಹೆದರಿದ್ದು ನಿಜ. ಆದರೆ ಆ ಹೆದರಿಕೆಯ ಅಡಿಯಲ್ಲಿ ನಾಚಿಕೆಯಾಗುವಷ್ಟು ಖುಷಿಯಿತ್ತು. ನಲವತ್ತಾರು ವರ್ಷದ ಬದುಕಿನಲ್ಲಿ ಮೊದಲ ಸಲ ಅವನ ಮಾತನ್ನು ಯಾರೋ ಕೇಳಿದ್ದರು.

ಇವತ್ತು ಹನ್ನೊಂದು ಗಂಟೆಗೆ ವಿಚಾರಣೆ. ಭಾಷೆ ಬಲ್ಲವರು ಎಂದು ಹೇಳಿಕೆ ಬರೆದುಕೊಳ್ಳಲು ಇವನನ್ನೇ ಕೂರಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಇವನು, ಯಾರಾದರೂ ನೋಡಲಿ ಎಂಬಂತೆ, ಬೆಳಗಿನಿಂದ ಹೆಗಲು ಮುಂದೆ ಮಾಡಿಕೊಂಡೇ ಇದ್ದ.

ಮ್ಯಾನೇಜರ್ ಸುತ್ತುಬಳಸಲಿಲ್ಲ. ಕುಮ್ಮಕ್ಕು ಕೊಟ್ಟವರ ಹೆಸರು ಹೇಳಿದರೆ ಎಚ್ಚರಿಕೆ ಪತ್ರದಲ್ಲಿ ಮುಗಿಸುತ್ತೇನೆ, ಇಲ್ಲದಿದ್ದರೆ ಇವತ್ತೇ ಮನೆಗೆ ಎಂದರು.

“ಯಾರೂ ಇಲ್ಲ ಸರ್,” ಎಂದ ಬೈಂಡರ್.

“ಮಹಡಿ ಮೇಲಿನವರು ಯಾರಾದ್ರೂ?”

ಇವನ ಪೆನ್ನು ನಿಂತಿತು. ಬೈಂಡರ್ ಈ ಕಡೆ ತಿರುಗಿ ನೋಡಲೂ ಇಲ್ಲ.

“ಅವರು ನಮ್ಮ ಹತ್ರ ಏನ್ ಮಾತಾಡ್ತಾರೆ ಸರ್.”

ಇವನು ಅದನ್ನು ಗುಂಡಗೆ ಬರೆದ. ‘ಹೇಳಿಕೊಟ್ಟಿದ್ದು ನಾನು’ ಎನ್ನಲು ಬೇಕಾದಷ್ಟು ಹೊತ್ತಿತ್ತು. ಮ್ಯಾನೇಜರ್ ನೀರು ಕುಡಿದರು, ಲೋಟಕ್ಕೆ ಮುಚ್ಚಳ ಹಾಕಿದರು, ಎದ್ದುಹೋಗಿ ಫ್ಯಾನಿನ ವೇಗ ತಗ್ಗಿಸಿ ಬಂದರು. ಆಮೇಲೆ, ಇಪ್ಪತ್ತೆರಡು ವರ್ಷ ದುಡಿದ ಬೈಂಡರನಿಗೆ ನಾಳೆಯಿಂದ ಬರುವುದು ಬೇಡ ಎಂದರು.

ಮಧ್ಯಾಹ್ನ ಇವನು ಕೆಳಗಿಳಿದು ಹೋದ. ಬೈಂಡರ್ ತನ್ನ ಸೂಜಿ, ಕತ್ತರಿಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಳ್ಳುತ್ತಿದ್ದ. ತನ್ನನ್ನು ಉಳಿಸಿದವನ ಮುಂದೆ ಕಣ್ಣು ತುಂಬಿಕೊಳ್ಳಲು ಇವನು ಮೆಟ್ಟಿಲ ಮೇಲೆಯೇ ತಯಾರಾಗಿದ್ದ.

“ನನ್ನ ಹೆಸರು ಹೇಳಬಹುದಿತ್ತು.”

“ನಿಮ್ಮದಾ? ಯಾಕೆ ಸಾರ್?”

“ಆವತ್ತು ಹೇಳಿದ್ನಲ್ಲ. ಕೈಕಟ್ಟಿ ಕೂರೋ ಮಾತು.”

ಬೈಂಡರ್ ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಹೆಣಗಿದ. “ಹೇಳಿದ್ರೇನೋ. ನೀವು ಏನಾದ್ರೂ ಹೇಳ್ತಾನೇ ಇರ್ತೀರಲ್ಲ ಸಾರ್. ಆ ಅಕ್ಕನ ಬೆರಳು ಕಾಗದದ ಚೂರಲ್ಲಿ ಹುಡುಕಿದ್ದು ನಾನು. ಆಮೇಲೂ ಯಾರಾದ್ರೂ ಹೇಳ್ಕೊಡಬೇಕಿತ್ತಾ?”

ಮೊದಲು ಅವನಿಗೆ ಬಿಡುಗಡೆಯೆನಿಸಿತು. ಅರ್ಧದಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಅವಮಾನವಾಯಿತು. ತಾನು ತಪ್ಪಿತಸ್ಥನೂ ಅಲ್ಲ. ಆದರೂ ಈಗಲೇ ಹೋಗಿ ನಾನೇ ಎಂದುಬಿಟ್ಟರೆ, ಅದು ಸುಳ್ಳಾದರೂ, ಬೈಂಡರನ ಕೆಲಸ ಉಳಿಯುತ್ತದೆ. ಈ ಯೋಚನೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನು ಮ್ಯಾನೇಜರರ ಬಾಗಿಲನ್ನು ತಟ್ಟಿಯೇಬಿಟ್ಟ.

“ಏನು?”

“ಆ ಕ್ರಿಯಾಪದದ ಪುಟ ನಾಳೆ ಕೊಡ್ತೀನಿ.”

“ಆಗಲಿ.”

ಸಂಜೆ, ಮನೆಯ ಹಾದಿಯ ಏರಿನಲ್ಲಿ ಸಾಮಾನು ತುಂಬಿದ ವ್ಯಾನೊಂದು ಕೆಟ್ಟು ನಿಂತಿತ್ತು. ನಾಲ್ಕೈದು ಜನ ನೂಕುತ್ತಿದ್ದರು. ನೀವೂ ಒಂದು ಕೈ ಹಾಕಿ ಎಂದು ಯಾರೋ ಕರೆದರು. ಇವನು ಚೀಲವನ್ನು ರಸ್ತೆಯ ಬದಿಗಿಟ್ಟು, ಓಡಿಹೋಗಿ, ಎರಡೂ ಅಂಗೈಗಳನ್ನು ಬಿಸಿ ತಗಡಿಗೆ ಒತ್ತಿದ. ವ್ಯಾನು ಕದಲಿತು. ತಾನು ನೂಕುತ್ತಿದ್ದೇನೋ, ಅದೇ ತನ್ನ ಕೈಗಳನ್ನು ಎಳೆದೊಯ್ಯುತ್ತಿದೆಯೋ ತಿಳಿಯಲಿಲ್ಲ. ತಿಳಿದುಕೊಳ್ಳಲು ಇನ್ನಷ್ಟು ಬಲ ಹಾಕಿದ. ಇಂಜಿನ್ ಹತ್ತಿಕೊಂಡಿತು, ಹೊಗೆ ಉಗುಳಿ ವ್ಯಾನು ಏರು ದಾಟಿ ಹೋಯಿತು. ನೂಕಿದವರು ಕೈ ಕೊಡವಿಕೊಂಡು ತಂತಮ್ಮ ದಾರಿ ಹಿಡಿದರು. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಅವನು ಮಾತ್ರ, ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ಏನೂ ಇಲ್ಲದ ಗಾಳಿಗೆ ಒತ್ತಿಕೊಂಡು, ರಸ್ತೆಯ ನಡುವೆ ಬಾಗಿ ನಿಂತೇ ಇದ್ದ.