ಉಲ್ಟಾ ಗೋಡೆ

ಎರಿಮಣ್ಣು ಉದುರುತ್ತಿದೆ, ಗಾಡಿಯ ಹಿಂದಿನ ಗಾಲಿಯ ಮೇಲಿನ ಗೂಡಿನಿಂದ ಹೆಂಟೆ ಹೆಂಟೆಯಾಗಿ ಕಳಚಿ ಬಿದ್ದು ಅಂಗಡಿಯ ಮುಂದಿನ ಕಾಂಕ್ರೀಟಿನ ಮೇಲೆ ಕರಿ ಅಂಬಲಿಯ ಹಾಗೆ ಹರಿದು ಗಟಾರ ಸೇರುತ್ತಿದೆ — ನೋಡ್ರಿ ಪರಮಾನಂದಣ್ಣಾ, ನಿಮ್ಮ ಗಾಡಿ ಹೊಟ್ಟಿಯೊಳಗ ಅರ್ಧಾ ಎಕರೆ ಹೊಲಾನ ಇತ್ತು, ಇದಕ್ಕೂ ಒಂದು ಪಹಣಿ ಉತಾರ ತಗಸ್ರಿ, ಎಂದು ಗಾಡಿ ತೊಳೆಯುವ ಮಷೀನಿನ ಅಂಗಡಿಯ ಅರುಣ ನೀರಿನ ಬಂದೂಕನ್ನು ಅತ್ತಿತ್ತ ಆಡಿಸುತ್ತಾನೆ, ಪರಮಾನಂದನಿಗೆ ನಗೆ ಹಲ್ಲಿನ ತನಕ ಬಂದು ಅಲ್ಲೇ ಕೂತುಬಿಟ್ಟಿತು, ನಗೆಗೂ ದಣಿವು. ಬಲ ಹೆಗಲೊಳಗೆ ಬೆಳಗಿನಿಂದ ಯಾರೋ ಗೂಟ ಬಡಿಯುತ್ತಿದ್ದಾರೆ. ಹನ್ನೊಂದು ವರ್ಷ ದಿನಾ ಎಂಟು ಕೊಡ ನೀರು, ಒಂದು ಹಳೆ ಬನಿಯನ್ನು, ಕೈ ಎತ್ತು, ಒರೆಸು, ಹಿಂಡು, ಮತ್ತೆ ಎತ್ತು — ಬನಹಟ್ಟಿಯ ಸೀರೆ ವ್ಯಾಪಾರಿಗಳು ಗಂಟು ಸಮೇತ ಹತ್ತಿ ಇಳಿದರೆ ಸೀಟಿನ ತುಂಬ ಹತ್ತಿಯ ಎಳೆ, ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಬೆನ್ನು ಹತ್ತಿದರೆ ಬಾನೆಟ್ಟಿನ ತುಂಬ ಕೆಸರು, ಬಾಡಿಗೆ ಗಾಡಿ ಹೊಲಸಾಗಿದ್ದರೆ ಮದುವೆಯವರು ಬರುವುದಿಲ್ಲ, ಮದುವೆಯವರು ಬಂದರೆ ಗಾಡಿ ಹೊಲಸಾಗದೆ ಬಿಡುವುದಿಲ್ಲ. ನೂರಿಪ್ಪತ್ತು ಬಾರ್ ಪ್ರೆಶರ್ ಐತ್ರಿ ಇದು, ಜಮಖಂಡಿ, ಮುಧೋಳ, ಬೀಳಗಿ ಮೂರೂ ತಾಲೂಕು ಕೂಡಿಸಿದ್ರೂ ಇಷ್ಟು ಬಾರ್ ಆಗೂದಿಲ್ಲ, ಅರುಣ ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಾನೆ, ಹೇಳಿ ತಾನೇ ಮೊದಲು ನಗುತ್ತಾನೆ. ಹಳದಿ ಮಷೀನು ಹಗುರ, ಪಂಪು ಪ್ಲಾಸ್ಟಿಕ್ಕು, ಕಾರ್ಬನ್ ಹಾಕಿದ ಮೋಟಾರು, ಹತ್ತು ನಿಮಿಷ ದುಡಿದು ಹತ್ತು ನಿಮಿಷ ಮಲಗ್ತೈತ್ರಿ, ಮನಿಅಳಿಯ ಇದ್ದಂಗ. ನೀಲಿದು ನೋಡ್ರಿ, ಹಿತ್ತಾಳಿ ಪಂಪು, ಇಂಡಕ್ಷನ್ ಮೋಟಾರು, ಎತ್ತಾಕ ಇಬ್ಬರು ಬೇಕು ಖರೆ, ಆದ್ರ ಎಮ್ಮಿ ಇದ್ದಂಗ, ಓಡೂದಿಲ್ಲ, ಬೆದರೂದಿಲ್ಲ, ವೋಲ್ಟೇಜು ಹೆಚ್ಚುಕಡಿಮಿ ಆದ್ರೂ ತಡೀತೈತಿ, ಒಳಗಿನ ರಬ್ಬರ್ ರಿಂಗು ಹ್ವಾದ್ರ ನನ್ನ ಹತ್ರನ ಸಿಗ್ತಾವು. ನಮ್ಮಲ್ಲಿ ನಳಕ್ಕ ನೀರು ಐದು ದಿವಸಕ್ಕೊಮ್ಮೆ, ಅಂಗಳದಾಗಿನ ಹೌದದಿಂದ ಎಳೀತೈತೇನು? ಪರಮಾನಂದ ಕೇಳಿದ. ಹೌದದಿಂದಾ? ಹೌದ್ರೀ ಹೌದು! ಅರುಣ ಮತ್ತೆ ನಕ್ಕ. ಪರಮಾನಂದ ನಗಲಿಲ್ಲ, ಹೌದ ಎಂಬ ಮಾತು ಬಂದದ್ದೇ ತಡ, ಕಣ್ಣ ಮುಂದೆ ನೆಲದೊಳಗೆ ಇಳಿದ ಆ ನೀರಿನ ತೊಟ್ಟಿ, ಅದರ ಮೇಲಿನ ತುಕ್ಕು ಹಿಡಿದ ತಗಡು, ಅದಕ್ಕೆ ಆತುಕೊಂಡ ಗೋಡೆ, ಗೋಡೆಯ ಮೇಲೆ ಕೆಂಪು ಅಂಕಿ, ಅಂಕಿಯ ಮೇಲೆ ಒಂದು ಬೆರಳು.

ಆ ಗೋಡೆಯನ್ನು ಊರೇ ಉಲ್ಟಾ ಗೋಡೆ ಎನ್ನುತ್ತದೆ, ಪುನರ್ವಸತಿ ಕೇಂದ್ರಕ್ಕೆ ಹೊಸಬರು ಬಂದು ಮುತ್ತಣ್ಣನ ಮನೆ ಯಾವುದೆಂದರೆ, ಅಂಗಿ ತಿರುವಿ ಹಾಕ್ಕೊಂಡ ಮನಿ ಕಾಣ್ತೈತಿ ನೋಡ್ರಿ ಅದ, ಎಂದು ದಾರಿ ತೋರಿಸುತ್ತಾರೆ. ತೊಂಬತ್ತೊಂಬತ್ತರಲ್ಲಿ ಹಿನ್ನೀರು ಬರುತ್ತದೆಂದು ಹಳೆ ಊರು ಬಿಡುವಾಗ ಮಂದಿಯೆಲ್ಲ ಬಾಗಿಲು, ತೊಲೆ, ಕಂಬ ಕಿತ್ತುಕೊಂಡರು, ಪರಮಾನಂದನ ಅಪ್ಪ ಮುತ್ತಣ್ಣ ಗೋಡೆಯನ್ನೇ ಕಿತ್ತುಕೊಂಡ — ಗೋಡೆಯ ದಪ್ಪಕ್ಕೆ ಒಂದೊಂದೇ ಕಲ್ಲು, ಅಜ್ಜ ಕಡಿಸಿದ್ದು, ಇದ್ದ ಹಾಗೇ ಹೊಂದಿಸಬೇಕು ಎಂದು ಹಟ. ಮುಳುಗಡೆಯ ಅಳತೆಯವರು ಬಾಗಿಲಿಗೆ ಮನೆ ನಂಬರು ಬರೆದು ಉಳಿಸಿ ಹೋದ ಕೆಂಪು ಬಣ್ಣದ ಡಬ್ಬಿ ಹಿಡಿದು ಕಲ್ಲಿಗೊಂದರಂತೆ ಅಂಕಿ ಹಾಕಿದ, ಎದೆಮಟ್ಟದ ಸಾಲಿಗೆ ಒಂದರಿಂದ ಅರವತ್ತೆರಡು, ಕನ್ನಡ ಅಂಕಿ, ಬಣ್ಣ ದಪ್ಪಗೆ, ಒಣಗಿದ ಮೇಲೆ ಹೊಲಿಗೆ ಹಾಕಿದಂತೆ ಉಬ್ಬಿ ನಿಂತಿತು. ಹೊರಗೆ ನಿಂತು ಬರೆದರೆ ಮಂದಿ ಏನಂದಾರು, ಮುತ್ತಣ್ಣಗ ಕಲ್ಲಿನ ಹುಚ್ಚು ಹಿಡದೈತಿ ಅಂದಾರು ಎಂದು ನಾಚಿ ಒಳಗೆ ನಿಂತು ಬರೆದ, ಎಡವಟ್ಟಾದದ್ದು ಅಲ್ಲೇ. ಕಲ್ಲು ಇಲ್ಲಿ ಬಂದು ಬಿದ್ದಾಗ ಅಪ್ಪ ಕುರಿ ಹೊಡೆದುಕೊಂಡು ಹದಿನೈದು ದಿನ ಹೊಳೆಯಾಚೆ, ಗೌಂಡಿ ಪರ ಊರಿನವ, ನಂಬರ್ ಇದ್ದ ಮೈಯೇ ಹೊರಮೈ ಎಂದು ತಿಳಿದು ಬೀದಿಗೆ ಮುಖ ಮಾಡಿ ಕೂರಿಸುತ್ತ ಹೋದ, ಅಜ್ಜ ಕೆತ್ತಿಸಿದ ನುಣುಪು ಒಳಗೆ, ಅಡಿಗೆ ಮನೆಯ ಮಸಿ ಹೊರಗೆ, ಬಲಕ್ಕಿದ್ದದ್ದು ಎಡಕ್ಕೆ. ಅಪ್ಪ ಬಂದು ನೋಡಿದ, ಬಹಳ ಹೊತ್ತು ನೋಡಿದ, ಕುರಿಗಳೂ ನೋಡಿದವು. ನನ್ನ ಒಲಿ ಮಸಿ ಹಾದಿಬೀದಿಗೆ ತೋರಿಸಿದಿರಲ್ಲಾ ನೀವು, ಎಂದಳು ಅವ್ವ ಯಲ್ಲಕ್ಕ, ಅಷ್ಟೇ ಅಂದದ್ದು, ಆಮೇಲೆ ಸಾಯುವ ತನಕ ಕರೆಂಟು ಹೋದಾಗೆಲ್ಲ ಒಲೆಯ ಕಡೆ ಎಂದು ಬಲಕ್ಕೆ ತಿರುಗಿ ಹಣೆ ಬಡಿಸಿಕೊಂಡಳು. ಆ ಮಸಿಯ ಮೇಲೆ ಸುಣ್ಣ ನಿಲ್ಲುವುದಿಲ್ಲ, ಯುಗಾದಿಗೆ ಬಳಿದರೆ ಶ್ರಾವಣಕ್ಕೆ ಹಪ್ಪಳದ ಹಾಗೆ ಏಳುತ್ತದೆ, ಅದಕ್ಕೇ ಮಷೀನು ಬೇಕೆಂದವಳು ಹೆಂಡತಿ ಭಾಗ್ಯಾ — ಗಾಡಿನೂ ತೊಳೀರಿ, ಗ್ವಾಡಿನೂ ತೊಳೀರಿ, ಮಸಿ ಹೋಗಬೇಕು, ಆ ಸುಡುಗಾಡು ನಂಬರೂ ಹೋಗಬೇಕು, ಸೋಮವಾರ ದೇವರು ಬರ್ತಾನ, ಜೈಲಿನಂಥಾ ಮನಿ ಮುಂದ ನಿಂದರಿಸೂದೇನು?

ಸೋಮವಾರ, ಇವತ್ತು ಶನಿವಾರ. ಬೀರಪ್ಪನ ಪಲ್ಲಕ್ಕಿ ಐದು ವರ್ಷಕ್ಕೊಮ್ಮೆ ಕೇಂದ್ರಕ್ಕೆ ಬರುತ್ತದೆ, ಮುಂದಿನ ಹೆಗಲು ಮುತ್ತಣ್ಣನದು, ಅಜ್ಜನಿಂದ ಬಂದದ್ದು, ಭಂಡಾರದ ಅರಿಸಿನದಲ್ಲಿ ಮುಳುಗಿ ಹಳದಿಯಾಗಿ, ಕಣ್ಣಿಗೆ ಹಾದಿ ಕಾಣುವ ತನಕ ಮುಂದಿನ ಹೆಗಲು, ಕಾಣದಾದರೆ ಬಿಡಬೇಕು, ಬಿಟ್ಟರೆ ಅದು ದಾಯಾದಿ ಹಾಲಸಿದ್ದಪ್ಪ ಕಾಕಾನ ಮನೆಗೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಮೊನ್ನೆ ಗುರುವಾರ ಮಧ್ಯಾಹ್ನ ಪರಮಾನಂದ ಹೊತ್ತಲ್ಲದ ಹೊತ್ತಿನಲ್ಲಿ ಊಟಕ್ಕೆ ಬಂದ, ಬಾಡಿಗೆ ತಪ್ಪಿತ್ತು, ಅಂಗಳದಲ್ಲಿ ಯಾರೂ ಇರಲಿಲ್ಲ, ಬಾಗಿಲಿನಿಂದ ಅಪ್ಪ ಹೊರಬಿದ್ದ, ಗೋಡೆಗೆ ಕೈ ಹಚ್ಚಿ, ಮೆಲ್ಲಗೆ, ಮುದಿ ಗೋಡೆಯನ್ನು ಮುದುಕ ಸಮಾಧಾನ ಮಾಡುತ್ತಿದ್ದಾನೋ ಎಂಬಂತೆ — ಹನ್ನೆರಡನೆಯ ಕಲ್ಲಿನ ಹತ್ತಿರ ಬೆರಳು ನಿಂತಿತು, ಅಂಕಿಯ ಮೇಲೆ ಸುತ್ತಿತು, ಗೋಡೆ ಬಿಟ್ಟು ಅಂಗಳಕ್ಕೆ ಮೂರು ಹೆಜ್ಜೆ, ಹೌದವನ್ನು ಬಳಸಿ ಮತ್ತೆ ಮೂರು ಒಳಕ್ಕೆ, ಕೈ ಚಾಚಿದ, ಹತ್ತೊಂಬತ್ತು ಸಿಕ್ಕಿತು, ಮುಂದೆ ಮುಂದೆ, ಮೂವತ್ತೊಂದಕ್ಕೆ ನಿಂತು ಉಸಿರು ತೆಗೆದುಕೊಂಡ, ಅರ್ಧ ದಾರಿ, ಅರವತ್ತೆರಡಕ್ಕೆ ಬಚ್ಚಲು. ಮೂವತ್ತೊಂದರ ಮೇಲೆ ಬೆರಳಿಟ್ಟುಕೊಂಡೇ ಮುಖ ಇತ್ತ ತಿರುಗಿಸಿ ನೇರ ಮಗನ ಮುಖವನ್ನೇ ನೋಡಿದ, ನೋಡಿ, ಯಾರ್ರೀ ಅವ್ರು? ಎಂದ. ರೀ ಎಂದ, ಮಗನಿಗೆ. ಪರಮಾನಂದ ಕೆಮ್ಮಿದ. ಆ ಕೆಮ್ಮಿನಲ್ಲೇ ಅಪ್ಪನಿಗೆ ಗುರುತು ಸಿಕ್ಕಿತು — ಪರಮ್ಯಾ ಏನು? ದೀಪಾವಳಿಯಿಂದ ಏನೂ ಕಾಣವಲ್ದಲೇ, ಮೊದಲ ಮಂಜ ಇತ್ತು, ಈಗ ಅದೂ ಇಲ್ಲ, ಸೋಮವಾರ ಒಂದು ದಾಟಲಿ, ಇದೊಂದ ಸಲ ಹೆಗಲ ಕೊಡ್ತೀನಿ, ಬೀದಿ ನನಗ ಹೆಜ್ಜಿಹೆಜ್ಜಿ ಗೊತ್ತೈತಿ, ಆಮ್ಯಾಲ ನೀನ ಡಂಗುರಾ ಸಾರು, ಭಾಗ್ಯಾಗ ಹೇಳಬ್ಯಾಡ. ಭಾಗ್ಯಾ ಕೆಟ್ಟವಳಲ್ಲ, ಮಾವನಿಗೆ ಬಿಸಿರೊಟ್ಟಿ ತಪ್ಪಿಸಿದವಳಲ್ಲ, ಆದರೆ ಅವಳ ಹೊಟ್ಟೆಯಲ್ಲಿ ಮಾತು ಬದುಕುವುದಿಲ್ಲ, ಅವಳೂ ಹಾಲಸಿದ್ದಪ್ಪ ಕಾಕಾನ ಹೆಂಡತಿಯೂ ಒಂದೇ ನಳಕ್ಕೆ ಕೊಡ ಇಡುತ್ತಾರೆ. ಹೇಳಲಿಲ್ಲ. ಗುರುವಾರ ರಾತ್ರಿ ಹೇಳಲಿಲ್ಲ, ಶುಕ್ರವಾರ ಹೇಳಲಿಲ್ಲ, ಹೇಳದೆ ಇರುವುದು ಗಾಡಿ ತೊಳೆಯುವುದಕ್ಕಿಂತ ದಣಿವಿನ ಕೆಲಸ, ಹೆಗಲಿಗೆ ಎಣ್ಣೆ ಹಚ್ಚಬಹುದು, ನಾಲಿಗೆಗೆ ಏನು ಹಚ್ಚುವುದು.

ಇತ್ತ ಬರ್ರಿ, ಖರೆ ತಾಕತ್ತು ಇಲ್ಲಿ ನೋಡ್ರಿ, ಅರುಣ ನೀಲಿಯದಕ್ಕೆ ಪೈಪು ಸಿಕ್ಕಿಸಿ, ತುದಿಗೆ ತಿರುಗುವ ಮೂತಿ ಬಿಗಿದು, ಅಂಗಡಿಯ ಪಕ್ಕದ ಗೋಡೆಗೆ ಹಿಡಿದ, ಯಾವುದೋ ಕಾಲದ ಬೀಡಿಯ ಜಾಹೀರಾತು, ಎಣ್ಣೆ ಬಣ್ಣ, ಮೀಸೆಯವನೊಬ್ಬ ಹೊಗೆ ಬಿಡುತ್ತ ನಿಂತಿದ್ದ — ಗರ್ ಎಂದಿತು, ಮೊದಲು ಹೊಗೆ ಹೋಯಿತು, ಆಮೇಲೆ ಮೀಸೆ, ಆಮೇಲೆ ಕಣ್ಣು, ಎರಡೂ ಕಣ್ಣು, ಪಕಳೆ ಪಕಳೆಯಾಗಿ ಕೆಳಗೆ. ಕಲ್ಲು ಹೊಸದಾಗಿ ಹುಟ್ಟಿದಂತೆ ಬೋಳಾಗಿ ನಿಂತಿತು. ಪರಮಾನಂದನಿಗೆ ನೀರು ಕುಡಿಯಬೇಕೆನಿಸಿತು, ಸುತ್ತ ಇಷ್ಟು ನೀರು. ಹಳದಿಯದು ಬಣ್ಣ ತೆಗೀತೈತೇನು ಅರುಣಾ? ಅದು ಧೂಳಾ ತಗದ್ರ ದೊಡ್ಡದು, ಬಣ್ಣ ಎಲ್ಲಿ ತಗೀತೈತ್ರಿ, ಮಳಿ ಬಂದು ಹೋದಂಗ ಅಷ್ಟ. ಹಾಗಾದರೆ ಹಳದಿ — ತೊಳೆದಂತೆ ತೊಳೆಯುವುದು, ಭಾಗ್ಯಾ, ನೋಡು, ಮಸಿ ಚೂರು ಹೋತು, ನಂಬರ್ ಹೋಗವಲ್ದು, ಏನು ಮಾಡೂದು, ಸೋಮವಾರ ದಾಟುತ್ತದೆ. ಆದರೆ ವರ್ಷದೊಳಗೆ ಕಾರ್ಬನ್ ಸುಟ್ಟು ಮೂಲೆ ಸೇರುತ್ತದೆ, ಮತ್ತೆ ಕೊಡ, ಮತ್ತೆ ಬನಿಯನ್ನು, ಮತ್ತೆ ಹೆಗಲು. ನೀಲಿಯದು ಹತ್ತು ವರ್ಷ ಬಾಳುತ್ತದೆ, ತನಗಿಂತ ಹೆಚ್ಚು ಬಾಳುತ್ತದೇನೋ, ಆದರೆ ಈ ಮೂತಿ. ಅರುಣಾ, ಈ ಮೂತಿ ಹಾಕಬ್ಯಾಡ, ಅಗಲ ನೀರು ಬರೂದಷ್ಟ ಕೊಡು. ಅಣ್ಣಾ, ಇದು ಫ್ರೀ ಐತಿ! ಫ್ರೀ ಇದ್ರೂ ಬ್ಯಾಡ. ಅರುಣ ಅವನನ್ನು, ಮದುವೆ ಊಟದಲ್ಲಿ ಹೋಳಿಗೆ ಬೇಡವೆಂದವನನ್ನು ನೋಡುವಂತೆ ನೋಡಿದ. ಸರಿ, ಹೀಗೆ ಮಾಡಿದರಾಯಿತು, ಎಮ್ಮೆಯನ್ನು ಒಯ್ಯುವುದು, ಕೋಡು ಇಲ್ಲೇ ಬಿಟ್ಟು ಒಯ್ಯುವುದು, ಮೂರು ದಿನದಲ್ಲಿ ಮೊದಲ ಸಲ ಎದೆಯೊಳಗೆ ಗಾಳಿಯಾಡಿತು, ಇಷ್ಟು ಸಣ್ಣದಿತ್ತು ದಾರಿ. ಬೆಳಿಗ್ಗೆಯೂ ಹೀಗೇ ಜಾಣತನ ಮಾಡಿ ಬಂದಿದ್ದ, ಚಹಾ ಕುಡಿಯುತ್ತ ಎಲ್ಲರಿಗೂ ಕೇಳುವಂತೆ, ಮಷೀನಿಗೆ ಬಣ್ಣ ಹೋಗೂದು ಅನುಮಾನ ಐತಿ, ಎಣ್ಣಿಬಣ್ಣ ಅದು, ಎಂದಿದ್ದ, ಮೊದಲೇ ಬೇಲಿ ಹಾಕಿದ್ದ, ಮೂಲೆಯಲ್ಲಿ ಅಪ್ಪ ಬಸಿಯಲ್ಲಿ ಚಹಾ ಆರಿಸುತ್ತಿದ್ದ, ತನ್ನ ಪರವಾಗಿ ಮಗ ಸುಳ್ಳು ಹೇಳುವುದನ್ನು ಕೇಳಿ ಬಸಿಯೊಳಗೇ ನಕ್ಕನೇನೋ. ನೀಲಿದು ಕಟ್ಟು ಅರುಣಾ, ಎಂದು ಬಾಯಿ ತೆರೆಯುವಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಫೋನು ನಡುಗಿತು.

ರೀ, ತಗೊಂಡ್ರೇನು? ಭಾಗ್ಯಾಳ ದನಿಯಲ್ಲಿ ಹಬ್ಬದ ಸಡಗರ, ಲಗೂನ ಬರ್ರಿ, ನಿಮ್ಮ ಮಷೀನಿನ ಪೈಪು ಬಿಡಾಕ ಹೌದದ ತಗಡ ತಗದು ಇಟ್ಟೀನಿ, ಮತ್ತ ನಂಬರಿನ ಚಿಂತಿ ಬಿಡ್ರಿ, ಮಾವಾರ ಕೆರದು ಒಗಿಯಾಕತ್ತಾರ! ಏನು? ಹೂನ್ರೀ, ಹಾಲಸಿದ್ದಪ್ಪ ಕಾಕಾ ಚಾಕ್ಕ ಬಂದಾರಲ್ಲ, ಹೊರಸಿನ ಮ್ಯಾಲ ಕುಂತಾರ, ಅವ್ರು ಚಾಷ್ಟಿ ಮಾಡಿದ್ರು, ಅಣ್ಣಾ, ನೀ ಬರದ ನಂಬರ ನಿನಗರ ಕಾಣ್ತಾವೇನು ಈಗ, ಅಂತ, ಮಾವಾರು ಎದ್ದಾವ್ರ ಕಸಾ ತಗಿಯೂ ಕುರ್ಪಿ ತಗೊಂಡು, ಕಾಣೂದೇನಲೇ, ಒಂದೊಂದ ಕೆರದು ತೋರಸ್ತೀನಿ ನೋಡು, ಅಂದ್ರು, ಬಾಗಿಲದಿಂದ ಶುರು ಮಾಡಿ ಒಂದೂ ತಪ್ಪಿಸಿಲ್ಲರೀ, ಅಂಕಿ ಮ್ಯಾಲ ಬೆರಳಿಟ್ಟು ಕೆರೀತಾರ, ಹೌದದ ಮ್ಯಾಲಿನವನ್ನೂ ಬಗ್ಗಿ ಕೆರದ್ರು, ನನಗ ಎದಿ ಧಸಕ್ಕಂತು, ಎಷ್ಟ ಸ್ವಚ್ಛ ಮಾಡ್ಯಾರಂತೀರಿ. ಈಗೆಲ್ಲಿ ಅದಾನ ಅಪ್ಪ? ಗ್ವಾಡಿ ನಡಬರಕ, ಮೂವತ್ತರ ತನಕ ಆತು, ಮೂವತ್ತೊಂದಕ್ಕ ಬೆರಳಿಟ್ಟು ನಿಂತಬಿಟ್ಟಾರ, ಮುಂದ ಕೆರಿಯವಲ್ರು, ಹಿಂದ ಬರವಲ್ರು, ಬರ್ರಿ ಮಾವ ಚಾ ಆರ್ತೈತಿ ಅಂದ್ರ ಹೂಂ ಅಂತಾರ, ಕದಲೂದಿಲ್ಲ, ಕಾಕಾ ನೋಡಾಕತ್ತಾರ, ಬಿಸಲ ಬ್ಯಾರೆ. ಕೈ ಹಿಡಿ, ಹೋಗಿ ಕೈ ಹಿಡಿ ಎಂಬ ಮಾತು ಪರಮಾನಂದನ ಹಲ್ಲಿನ ತನಕ ಬಂತು, ಹೊರಸಿನ ಮೇಲೆ ಕೂತ ಎರಡು ಚೂಪು ಕಣ್ಣು ಕಂಡವು, ಕೈ ಹಿಡಿದ ಸೊಸೆ, ಹಿಡಿಸಿಕೊಂಡ ಮಾವ, ಸಾಕು, ಸೋಮವಾರ ಅಲ್ಲೇ ಮುಗಿಯಿತು, ಮಾತನ್ನು ನುಂಗಿದ, ಫೋನು ಅಪ್ಪಗ ಕೊಡು, ಎಂದ, ಹೆಜ್ಜೆಗಳು, ಬಳೆಗಳು, ಗಾಳಿ, ಆಮೇಲೆ ಅಪ್ಪನ ದನಿ, ಕೇಂದ್ರಕ್ಕೆಲ್ಲ ಕೇಳುವಷ್ಟು ದೊಡ್ಡದು — ಹೂಂ, ಹೇಳೋ! ಹಿತ್ತಾಳಿದ ತಗೋ, ಗಟ್ಟಿ ಇರ್ತೈತಿ! ನಂಬರ ನಾನ ಮುಗಿಸೀನಿ! ಆಮೇಲೆ ಉಸಿರು, ಕುರಿ ಕಾಯುವಾಗ ತೋಳ ಹತ್ತಿರ ಇದೆಯೆಂದು ಹೇಳುತ್ತಿದ್ದ ಆ ಸಣ್ಣ ದನಿ — ಪರಮ್ಯಾ, ಹಿಂದಿನಾವು ಎಲ್ಲಾ ಕೆರದೀನಿ, ತಗಡ ತಗದಾಳಂತ, ಹೌದ ಎಲ್ಲಿಗೆ ಬಂತಲೇ, ಇಲ್ಲಿಂದ ಎಷ್ಟು ಹೆಜ್ಜಿ? ಎಷ್ಟು ಹೆಜ್ಜೆ, ಮೂವತ್ತೊಂದರಿಂದ ಹತ್ತೊಂಬತ್ತು, ಹನ್ನೆರಡು ಕಲ್ಲು, ಗಾರೆ ತುಂಬಿದ ಸಂದು ಬೆರಳಿಗೆ ಸಿಗುವುದಿಲ್ಲ, ಒಂದು ಕಲ್ಲಿಗೆ ಎಷ್ಟು ಹೆಜ್ಜೆ, ಅಪ್ಪನ ಹೆಜ್ಜೆ ಎಷ್ಟುದ್ದ, ಮುಧೋಳದ ದಾರಿಯ ಉಬ್ಬು ಎಷ್ಟು, ಬನಹಟ್ಟಿಗೆ ತಿರುವು ಎಷ್ಟು, ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಗಾಡಿ ಎಷ್ಟು ನಿಮಿಷ, ಎಲ್ಲ ನಿದ್ದೆಗಣ್ಣಿನಲ್ಲೂ ಗೊತ್ತು, ತನ್ನ ಮನೆಯ ಮುಂದಿನ ಗೋಡೆಯ ಗುಂಟ ಒಂದು ದಿನ ಹೆಜ್ಜೆ ಎಣಿಸಿ ನಡೆದಿಲ್ಲ, ಗಾಡಿ ಬಾಗಿಲ ಮುಂದೆಯೇ ನಿಲ್ಲುತ್ತದೆ, ಎಷ್ಟು ಹೆಜ್ಜಿ ಅಪ್ಪಾ, ನಿನಗ ಗೊತ್ತಿಲ್ಲೇನು? ನನಗ ಕಲ್ಲು ಗೊತ್ತಿದ್ದುವಲೇ, ಗ್ವಾಡಿ ಗುಂಟ ಹೆಜ್ಜಿ ಯಾವಾಗ ಎಣಸೀನಿ? ಅಣ್ಣಾ, ನೀಲಿದ ಕಟ್ಟಲೇನ್ರಿ, ಅರುಣ ಕೇಳುತ್ತಿದ್ದಾನೆ, ಬೋಳು ಗೋಡೆಯಿಂದ ನೀರು ಇಳಿಯುತ್ತಿದೆ, ಕಿವಿಯಲ್ಲಿ ಅಪ್ಪನ ಉಸಿರು ಕಾಯುತ್ತಿದೆ, ಆರು, ಎಂಟು, ಒಂಬತ್ತು ಅಂದುಬಿಡಲೇ, ಒಂದು ಹೆಚ್ಚಾದರೆ ತೊಟ್ಟಿ, ಬಾಯಿ ತೆರೆದೇ ಇದೆ, ಅಂಕಿ ಬರುತ್ತಿಲ್ಲ, ಬರುತ್ತಿರುವುದು ಒಂದೇ — ಮೂವತ್ತೊಂದು, ಕೆಂಪಗೆ, ದಪ್ಪಗೆ, ಮೂವತ್ತೊಂದು, ಅದರ ಮೇಲೆ ಬೆರಳು