ಮುಖ ಕಾಣುವ ಒಂದು ಫೋಟೊ

ಗಂಜಿಯ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿದೆ, ಊದಿದರೆ ಸುಕ್ಕಾಗುತ್ತದೆ, ಮತ್ತೆ ಹರಡಿಕೊಳ್ಳುತ್ತದೆ, ಊಟ ಮಾಡಿ ಅತ್ತಿಗೆ, ಮೊದಲು ಊಟ ಮಾಡಿ, ಮತ್ತೆ ಮಾತಾಡುವ, ಎಂದ ಮೈದುನ ಸಿರಿಲ್, ಬಾಗಿಲಲ್ಲೇ ನಿಂತು, ಒಳಗೂ ಬಾರದೆ ಹೊರಗೂ ಹೋಗದೆ — ಮಾತಾಡಲಿಕ್ಕೆ ಅವನಿಗೆ ನನ್ನ ಹತ್ತಿರ ಎಂತ ಉಂಟು, ಇಷ್ಟು ವರ್ಷದಲ್ಲಿ ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎಂಬುದನ್ನು ಬಿಟ್ಟು ಬೇರೆ ಮಾತಾಡಿದವನಲ್ಲ. ಎಲ್ಲಿಗೆ ಹೋಗಿದ್ದೆ ಎಂದರೆ ಉಡುಪಿ ಪೇಟೆಗೆ ಎನ್ನುತ್ತಾನೆ, ಉಡುಪಿ ಪೇಟೆಯ ಯಾವ ಅಂಗಡಿಯವನು ಗಿರಾಕಿಗಳ ಮೊಣಕಾಲಿನವರೆಗೆ ಮರಳು ಮೆತ್ತಿ ಕಳಿಸುತ್ತಾನೆ, ಪ್ಯಾಂಟಿನ ಮಡಿಕೆಯಿಂದ ಒದ್ದೆ ಮರಳು ಹೊಸ್ತಿಲ ಮೇಲೆ ಉದುರುತ್ತಿದೆ, ಅವನಿಗೆ ಗೊತ್ತೇ ಇಲ್ಲ, ನಾನು ನೋಡುತ್ತಿದ್ದೇನೆ, ನೋಡಬಾರದು, ಗಂಜಿ ನೋಡಬೇಕು. ಲಿಯೋನೆಲನದ್ದು ಒಂದು ಫೋಟೊ ಉಂಟಾ ಅತ್ತಿಗೆ, ಮುಖ ಸರಿ ಕಾಣುವಂಥದ್ದು, ಒಬ್ಬನೇ ಇರುವಂಥದ್ದು. ಎಂತಕ್ಕೆ. ಹೀಗೇ, ಒಂದು ಕಡೆ ಬೇಕಿತ್ತು. ಗೋಡೆಯಲ್ಲಿ ಮದುವೆಯ ಫೋಟೊ ಇದೆಯಲ್ಲ, ಅದನ್ನು ಬೇಡ ಅಂದ, ಯಾಕೆ ಬೇಡ ಎಂದು ನನಗೆ ಗೊತ್ತು, ಅದರಲ್ಲಿ ನನ್ನ ಗಂಡನ ಪಕ್ಕದಲ್ಲಿ ನಾನಿದ್ದೇನೆ, ನಾನು ಬದುಕಿದ್ದೇನೆ. ಥೂ, ಎಂಥ ಯೋಚನೆ, ಬಾಯಿಗೆ ಹುಳ ಬೀಳಲಿ, ಲಿಯೋನೆಲ್ ನಿನ್ನೆ ಚರ್ಚಿನ ಪೂಜೆ ಮುಗಿಸಿ ಕಾಪುವಿಗೆ ಹೋದದ್ದಷ್ಟೆ, ರಾತ್ರಿ ಅಲ್ಲಿಯ ಗೆಳೆಯ ಮ್ಯಾಥ್ಯೂನ ಮನೆಯಲ್ಲಿ ಉಳಿಯುತ್ತೇನೆ ಅಂದಿದ್ದ, ಶಾಲೆಗೆ ರಜೆ, ಡ್ರಾಯಿಂಗ್ ಮಾಸ್ತರರಿಗೆ ಇನ್ನೆಂತ ಕೆಲಸ, ಈಗ ಬಂದಾನು, ಕುತ್ತಿಗೆಗೆ ಆ ಡಬ್ಬದ ಕ್ಯಾಮೆರಾ ನೇತುಹಾಕಿಕೊಂಡು, ಹಸಿವಾಗಿದೆ ಜೆರ್ಟ್ರೂಡ್ ಎನ್ನುತ್ತಾ.

ಆಲ್ಬಮ್ ಮಡಿಲಲ್ಲಿದೆ, ತಟ್ಟೆ ಎದುರಿಗಿದೆ, ತೆಗೆದುಕೊಡುತ್ತೇನೆ ಇರು ಸಿರಿಲ್, ಇಷ್ಟೊಂದು ಫೋಟೊ ಉಂಟು, ಒಂದರಲ್ಲಿ ಸಿಗಲಿಕ್ಕಿಲ್ಲವಾ — ಇದು ಮಣಿಪಾಲದ ಗುಡ್ಡ, ಮದುವೆಯಾದ ವರ್ಷದ್ದು, ಬೋಳು ಮುರಕಲ್ಲು, ಗಾಳಿಗೆ ಹಾರುವ ಸೆರಗನ್ನು ಎರಡೂ ಕೈಯಿಂದ ಹಿಡಿದ ನಾನು, ಅವನಿಲ್ಲ, ಅವನ ನೆರಳು ಮಾತ್ರ ಕೆಳಗಿನಿಂದ ನನ್ನ ಕಾಲಿನತ್ತ ಉದ್ದಕ್ಕೆ ಬಂದಿದೆ, ಸೂರ್ಯ ಯಾವಾಗಲೂ ಬೆನ್ನ ಹಿಂದೆ ಇರಬೇಕು ಎಂದು ಕ್ಯಾಮೆರಾದ ಜೊತೆ ಬಂದ ಕಾಗದದಲ್ಲಿ ಬರೆದಿತ್ತಂತೆ, ಅದನ್ನು ಬೈಬಲ್ಲಿಗಿಂತ ಹೆಚ್ಚು ನಂಬಿದ್ದ. ಡಬ್ಬವನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ಬಗ್ಗಿಸಿ, ಮೇಲಿನ ಅಂಗೈ ಅಗಲದ್ದೂ ಅಲ್ಲದ ಗಾಜಿನೊಳಗೆ ನೋಡುತ್ತಾ ಹಿಂದೆ ಹಿಂದೆ ಹೋಗುವುದು, ನೀನು ಅಲ್ಲೇ ನಿಲ್ಲು, ನಾನು ಒಂದು ಹೆಜ್ಜೆ ಹಿಂದೆ, ಇನ್ನೊಂದು, ಅವನ ಹಿಂದೆ ಕಲ್ಲು ಕಡಿದ ಹೊಂಡ ಬಾಯಿ ತೆರೆದುಕೊಂಡಿತ್ತು, ಸಾಕು ಮಾರಾಯ್ರೇ ಎಂದು ನಾನು ಕಿರುಚಿದ ಮೇಲೆ ಕ್ಲಿಕ್ ಅನ್ನಿಸಿದ, ಅದಕ್ಕೇ ಈ ಫೋಟೊದಲ್ಲಿ ನನ್ನ ಬಾಯಿ ತೆರೆದಿದೆ, ನೋಡಿದವರೆಲ್ಲ ಎಷ್ಟು ಚಂದ ನಗುತ್ತೀ ಎನ್ನುತ್ತಾರೆ. ಇದು ಕಾರ್ಕಳ, ಗೊಮ್ಮಟನ ಪಾದದ ಹತ್ತಿರ ನಾನು ಇರುವೆಯಷ್ಟು, ಆ ಎತ್ತರದ ದೇವರನ್ನು ಪೂರ್ತಿ ಹಿಡಿಯಬೇಕೆಂದು ಬಾಗಿಲು ದಾಟಿ ಬಂಡೆಯ ಮೆಟ್ಟಿಲಿನ ಅಂಚಿನವರೆಗೆ ಹಿಂದೆ ಹೋಗಿದ್ದ, ಪೂಜೆಯ ಇಂದ್ರರು, ಅಲ್ಲಿಯ ಜೈನ ಅರ್ಚಕರು, ಕಾಲರ್ ಹಿಡಿದು ಎಳೆದರು, ದೇವರನ್ನು ಆಮೇಲೆ ನೋಡಿ ಮಾಸ್ಟ್ರೇ, ಮೊದಲು ಕಾಲಿನಡಿ ನೋಡಿ. ನಕ್ಕ. ಎಲ್ಲದಕ್ಕೂ ನಗುವುದು. ಅಲ್ಲಿಯೇ ನನ್ನ ಕೈಗೆ ಕ್ಯಾಮೆರಾ ಕೊಟ್ಟು ಒಂದು ನೀನು ತೆಗೆ ಅಂದ, ನಾನು ಸೂರ್ಯನನ್ನು ಮರೆತೆ, ಉಡುಪಿಯ ಸ್ಟುಡಿಯೋದವನು ತೊಳೆದು ಕೊಡುವಾಗ ಮುಖ ಬರಲಿಲ್ಲಮ್ಮಾ ಅಂದ, ಇಗೋ ಇಲ್ಲಿ, ಸುತ್ತ ಬೆಳ್ಳಗೆ ಬೆಳಕು, ನಡುವೆ ಇದ್ದಲಿನಂತೆ ಕಪ್ಪಗೆ ಒಬ್ಬ ಮನುಷ್ಯ, ಯಾರು ಬೇಕಾದರೂ ಆಗಬಹುದು. ಅವನು ಒಬ್ಬನೇ ಇರುವ ಫೋಟೊ ಇದೊಂದೇ ಸಿರಿಲ್, ಇದನ್ನು ಕೊಡಲಾ, ಪೊಲೀಸರು ಇದನ್ನು ಹಿಡಿದು ಕಡಲಕರೆಯಲ್ಲಿ ಯಾರನ್ನು ಹುಡುಕುತ್ತಾರೆ. ಪೊಲೀಸರು ಎಂದವರು ಯಾರು, ಸಿರಿಲ್ ಹೇಳಲಿಲ್ಲ, ಯಾರೂ ಹೇಳಲಿಲ್ಲ.

ಇದು ಕಾಪು, ಹೋದ ವರ್ಷದ್ದು, ಬಂಡೆಯ ಮೇಲೆ ನಾನು, ಹಿಂದೆ ದೀಪಸ್ತಂಭ, ಅದರ ತಲೆ ಕತ್ತರಿಸಿಹೋಗಿದೆ, ದೀಪವೇ ಬರಲಿಲ್ಲ, ದೀಪ ಇಲ್ಲದೆ ಅದು ಬರೀ ಕಂಬ ಅಲ್ವಾ ಎಂದು ವರ್ಷವಿಡೀ ಕೊರಗಿದ, ಸೆಪ್ಟೆಂಬರಿನ ಮೊಂತಿ ಹಬ್ಬ ಕಳೆಯಲಿ, ಒಳ್ಳೆ ಬಿಸಿಲು ಬರುತ್ತದೆ, ಕಡಲ ಬದಿಯ ಬಂಡೆಗೆ ಇಳಿದರೆ ಪೂರ್ತಿ ಸಿಗುತ್ತದೆ, ನೀನು ಬಾ, ನಿಲ್ಲು. ಬಸುರಿ ಹೆಂಗಸು ಕಡಲಿನ ಹತ್ತಿರ ಹೋಗಬಾರದು ಎಂದರು ಮಾಂಯ್, ಅವನ ತಾಯಿ, ಹಾಗಾಗಿ ಒಬ್ಬನೇ ಹೋದ, ಸಾಕು ಎಂದು ಕಿರುಚಲಿಕ್ಕೆ ಯಾರೂ ಇಲ್ಲದೆ. ಮಳೆಗಾಲದ ಪಾಚಿ ಇನ್ನೂ ಒಣಗಿರುವುದಿಲ್ಲ. ಊಟ ಮಾಡಿ ಅತ್ತಿಗೆ. ಎರಡು ಜೀವದವಳು ಹಸಿದಿರಬಾರದು ಎಂದೇ ಹೇಳುತ್ತಿರಬೇಕು, ಅಷ್ಟೇ ಇರಬೇಕು, ಆದರೆ ಅಪ್ಪ ತೀರಿಕೊಂಡ ದಿನ ಇಮ್ಯಾನುಯೆಲ್ ಮಾವ ನನ್ನನ್ನು ಬೋರ್ಡಿಂಗಿನಿಂದ ಕರೆತಂದು ಉಡುಪಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ ಮಸಾಲೆ ದೋಸೆ ತಿನ್ನಿಸಿದ್ದರು, ಇನ್ನೊಂದು ಬೇಕಾ ಮಗಾ ಎಂದಿದ್ದರು, ಅಂಥ ಜುಗ್ಗ ಮನುಷ್ಯ, ನಾನು ಹಿಗ್ಗಿ ಎರಡನ್ನೂ ತಿಂದು ಕೈ ತೊಳೆದು ಬಂದ ಮೇಲೆ ಹೇಳಿದರು. ನಮ್ಮವರೆಲ್ಲ ಹಾಗೆಯೇ, ಸಾವಿನ ಸುದ್ದಿ ತಂದವರು ಮೊದಲು ಉಣ್ಣಿಸುತ್ತಾರೆ, ಆಮೇಲೆ ಒಲೆ ಉರಿಯುವುದಿಲ್ಲ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅದು ಕರುಣೆ, ನನಗೆ ಅಂಥ ಕರುಣೆ ಬೇಡ. ನಾನು ಚಮಚ ಎತ್ತುವುದಿಲ್ಲ. ನಾನು ಉಣ್ಣದಿದ್ದರೆ ಸಿರಿಲ್ ಹೇಳುವ ಹಾಗಿಲ್ಲ, ಹೇಳುವವರೆಗೆ ಲಿಯೋನೆಲ್ ಕಾಪುವಿನಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾನೆ.

ಸುರ್ ಎಂದು ಸದ್ದಾಯಿತು, ಪಕ್ಕದಲ್ಲಿ, ಮಾಂಯ್ — ಅಯ್ಯೋ ದೇವರೇ, ಮಾಂಯ್ ಉಣ್ಣುತ್ತಿದ್ದಾರೆ. ಅವರಿಗೆ ಯಾರೂ ಏನೂ ಹೇಳಿಲ್ಲ. ಅವರ ಎದುರಿಗೂ ಸಿರಿಲನೇ ತಟ್ಟೆ ಇಟ್ಟದ್ದು, ಇವತ್ತು ಹುಡುಗನಿಗೆ ತಾಯಿಯ ಮೇಲೆ ಎಂಥ ಪ್ರೀತಿ ಎಂದು ನಕ್ಕರಲ್ಲ, ಒಣಮೀನಿನ ಚಟ್ನಿ ನೆಕ್ಕಿಕೊಂಡು, ಲೊಟ್ಟೆ ಹೊಡೆಯುತ್ತಾ ಉಣ್ಣುತ್ತಿದ್ದಾರೆ, ಉಪ್ಪಿನಕಾಯಿ ಇತ್ತ ಮಾಡು ಬಾಯೆ ಎನ್ನುತ್ತಾರೆ ನನಗೆ, ಮತ್ತೆ ಆ ದೊಡ್ಡ ಮೀನಿನ ತುಂಡು ಮುಟ್ಟಬೇಡ, ಲಿಯೋನೆಲನಿಗೆ ತೆಗೆದಿಡು, ಬರುವಾಗ ಹಸಿದಿರುತ್ತಾನೆ. ಸಿರಿಲ್ ಗೋಡೆಯ ಕಡೆ ತಿರುಗಿದ. ಅವನು ಕಾಯುತ್ತಿರುವುದು ನನ್ನ ತಟ್ಟೆಯನ್ನಲ್ಲ, ಈ ತಟ್ಟೆಯನ್ನು, ಇದು ಖಾಲಿಯಾದರೆ ಸಾಕು ಅವನಿಗೆ, ಇಲ್ಲಿ ಕೂತು ನಾನು ಚಮಚ ಎತ್ತದೆ ಏನು ಪ್ರಯೋಜನ, ಮುದುಕಿ ಅಲ್ಲಿ ಬರಬರ ಮುಗಿಸುತ್ತಿದ್ದಾರೆ, ಗಂಜಿ ತಗ್ಗಿತು, ಕುಚ್ಚಲಕ್ಕಿ ಅಗುಳು ಬಳಿಯುತ್ತಿದ್ದಾರೆ, ಮೆಲ್ಲ ಉಣ್ಣಿ ಮಾಂಯ್, ಮೆಲ್ಲ. ಒಂದು ಸೌಟು ಬಡಿಸಿದೆ. ಸಾಕಿತ್ತು ಬಾಯೆ ಅಂದರು, ಆದರೂ ಉಂಡರು, ಅಲ್ಲಿ ಕಾಪುವಿನಲ್ಲಿ ಲಿಯೋನೆಲ್ ತಲೆ ಬಗ್ಗಿಸಿ ಒಂದು ಹೆಜ್ಜೆ ಹಿಂದೆ ಇಟ್ಟ, ದೀಪ ಇನ್ನೂ ಗಾಜಿನೊಳಗೆ ಬಂದಿಲ್ಲ. ಇನ್ನೊಂದು ಸೌಟು. ಹೊಟ್ಟೆ ಒಡೆಯುತ್ತದೆ ನನ್ನದು. ಸ್ವಲ್ಪ ಮಾಂಯ್, ಇದೊಂದೇ, ಪಾತ್ರೆಯ ತಳದಲ್ಲಿ ಉಳಿದರೆ ಹಾಳಾಗುತ್ತದೆ. ಬಂಡೆ ಹಸಿರಾಗಿದೆ, ಬಿಸಿಲು ಅವನ ಬೆನ್ನಿಗಿದೆ, ಮುಖ ಎತ್ತುತ್ತಿಲ್ಲ, ನೆತ್ತಿಯ ಬೈತಲೆ ಮಾತ್ರ ಕಾಣುತ್ತದೆ. ಮಾಂಯ್ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು, ನನ್ನ ಕೈ ನಿಲ್ಲಲಿಲ್ಲ, ಗಂಜಿ ಅವರ ಬೆರಳುಗಳ ಮೇಲೇ ಬಿತ್ತು, ನೆರಿಗೆಗಳ ಸಂದಿನಿಂದ ಇಳಿಯಿತು. ಕೈ ತೆಗೆಯಲಿಲ್ಲ ಅವರು. ನನ್ನ ಮುಖ ನೋಡಿದರು, ಸಿರಿಲನ ಪ್ಯಾಂಟು ನೋಡಿದರು, ಹೊಸ್ತಿಲ ಮೇಲಿನ ಮರಳು ನೋಡಿದರು, ಬಾಯಲ್ಲಿದ್ದ ತುತ್ತನ್ನು ನುಂಗದೆ ಹಾಗೆಯೇ ಇಟ್ಟುಕೊಂಡರು, ನಾನು ಸೌಟು ಎತ್ತಿ ಹಿಡಿದೇ ಇದ್ದೇನೆ, ಬಂಡೆಯ ಮೇಲೆ ಅವನು ತಲೆ ಬಗ್ಗಿಸಿದ್ದಾನೆ, ಹಿಮ್ಮಡಿ ಎತ್ತಿದ್ದಾನೆ, ಹಿಮ್ಮಡಿ ಎತ್ತಿದ್ದಾನೆ,